ಮೂರು ಕಾಲೇಜುಗಳ ಮೆಟ್ಟಿಲು ಹತ್ತಿದ ಕಾರ್ವರ್

ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳಿರುವ ಮನೆಗಳಲ್ಲಿ ಚಳಿಗಾಲ ಬಂತೆಂದರೆ ಒಂದೇ ಮಾತು. ಯಾವ ಕಾಲೇಜು? ಪಟ್ಟಿ ಮಾಡುವುದು, ಪ್ರಬಂಧ ಬರೆಯುವುದು, ಅರ್ಜಿ ಕಳಿಸುವುದು, ಆಮೇಲೆ ಉತ್ತರಕ್ಕೆ ಕಾಯುವುದು. ಊಟಕ್ಕೆ ಕೂತರೂ ಅದೇ ಚರ್ಚೆ, ಊರಿಗೆ ಫೋನ್ ಮಾಡಿದರೆ ಅಜ್ಜಿ ತಾತ ಕೇಳುವುದೂ ಅದನ್ನೇ. ಹಾಗಾಗಿ ಈ ಸಲದ ಸಂಚಿಕೆಗೆ, ಇದೇ ಅಮೆರಿಕಾದಲ್ಲಿ ನೂರಮೂವತ್ತು ವರ್ಷಗಳ ಹಿಂದೆ ಕಾಲೇಜಿಗಾಗಿ ಊರೂರು ಅಲೆದ ಒಬ್ಬರ ಕಥೆ ಹೇಳೋಣ ಅನ್ನಿಸಿತು. ಅವರ ಹೆಸರು ಜಾರ್ಜ್ ವಾಷಿಂಗ್ಟನ್ ಕಾರ್ವರ್.

ಮಕ್ಕಳೇ, ಈ ಹೆಸರು ನಿಮಗೆ ಹೊಸದಲ್ಲ. ಫೆಬ್ರವರಿ ತಿಂಗಳಿನಲ್ಲಿ ನಿಮ್ಮ ಶಾಲೆಯ ಗೋಡೆಯ ಮೇಲೆ ಇವರ ಚಿತ್ರ ಇರುತ್ತೆ, ಪಕ್ಕದಲ್ಲೇ ಒಂದು ಕಡಲೆಕಾಯಿ. ಪೀನಟ್ ಬಟರ್ ಕಂಡುಹಿಡಿದವರು ಇವರೇ ಅಂತ ಯಾರಾದರೂ ಹೇಳಿದರೆ ಮಾತ್ರ ನಂಬಬೇಡಿ. ಇವರು ಕಡಲೆಕಾಯಿಯ ಕೆಲಸಕ್ಕೆ ಕೈ ಹಾಕುವ ಮೊದಲೇ ಅದು ಬಂದಿತ್ತು. ಕಡಲೆಕಾಯಿ ಇವರ ಬಾಳಿನಲ್ಲಿ ಬಂದದ್ದು ತಡವಾಗಿ. ಅದಕ್ಕೂ ಹಿಂದಿನ ಕಥೆ, ಅಂದರೆ ಇವರು ಓದಿದ ಕಥೆ, ನನಗೆ ಹೆಚ್ಚು ಇಷ್ಟ.

ಕಾರ್ವರ್ ಹುಟ್ಟಿದ್ದು ಮಿಸೌರಿ ರಾಜ್ಯದ ಡೈಮಂಡ್ ಎಂಬ ಊರಿನ ಹತ್ತಿರ, ಸುಮಾರು 1864ರಲ್ಲಿ. ಸುಮಾರು ಎನ್ನುವುದಕ್ಕೆ ಕಾರಣವಿದೆ. ಅವರ ತಾಯಿ ಮೇರಿ ಗುಲಾಮರಾಗಿದ್ದರು. ಮೋಸೆಸ್ ಕಾರ್ವರ್ ಎಂಬ ರೈತ 1855ರಲ್ಲಿ ಅವರನ್ನು 700 ಡಾಲರ್ ಕೊಟ್ಟು ಕೊಂಡಿದ್ದ. ಆ ಕೊಂಡ ಚೀಟಿ ಉಳಿದಿದೆ, ಮಗ ಹುಟ್ಟಿದ ದಿನ ಮಾತ್ರ ಯಾರೂ ಬರೆದಿಡಲಿಲ್ಲ. ತಂದೆ ಒಂದು ಅಪಘಾತದಲ್ಲಿ ತೀರಿಕೊಂಡಿದ್ದರು. ಮಗು ಇನ್ನೂ ಕೈಗೂಸಾಗಿದ್ದಾಗ ಒಂದು ರಾತ್ರಿ ಕುದುರೆ ಏರಿ ಬಂದ ದರೋಡೆಕೋರರು ತಾಯಿ ಮಗು ಇಬ್ಬರನ್ನೂ ಎತ್ತಿಕೊಂಡು ಹೋದರು. ಹುಡುಕಲು ಹೋದವನಿಗೆ ಸಿಕ್ಕಿದ್ದು ಮಗು ಮಾತ್ರ, ಅದೂ ನಾಯಿಕೆಮ್ಮಿನಿಂದ ಸಾಯುವ ಸ್ಥಿತಿಯಲ್ಲಿ. ತಾಯಿ ಏನಾದರೋ ಕೊನೆಗೂ ಗೊತ್ತಾಗಲಿಲ್ಲ.

ಗುಲಾಮಗಿರಿ 1865ರಲ್ಲಿ ಕೊನೆಯಾಯಿತು. ಮೋಸೆಸ್ ಮತ್ತು ಅವನ ಹೆಂಡತಿ ಸೂಸನ್, ಜಾರ್ಜ್‌ನನ್ನೂ ಅವನ ಅಣ್ಣ ಜಿಮ್‌ನನ್ನೂ ತಮ್ಮ ಮನೆಯಲ್ಲೇ ಸಾಕಿದರು. ಜಿಮ್ ಗಟ್ಟಿಮುಟ್ಟು ಹುಡುಗ, ಹೊಲದ ಕೆಲಸಕ್ಕೆ ಹೋದ. ಜಾರ್ಜ್ ಕಡ್ಡಿ ಪೈಲ್ವಾನ್. ಅವನಿಗೆ ಮನೆಯೊಳಗಿನ ಕೆಲಸ: ಅಡುಗೆ, ಬಟ್ಟೆ ಒಗೆಯುವುದು, ಹೊಲಿಗೆ, ಹೆಣಿಗೆ. ಗಂಡುಮಕ್ಕಳಿಗೆ ಇದೆಲ್ಲ ಯಾಕೆ ಎನ್ನುವ ಅಮ್ಮಂದಿರು ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಈ ಹುಡುಗನ ಕಾಲೇಜು ಫೀಸು ಬರುವುದು ಈ ಕೆಲಸಗಳಿಂದಲೇ. ಬಿಡುವು ಸಿಕ್ಕಿದಾಗ ಕಾಡಿಗೆ ಓಡಿ ಗಿಡಗಳನ್ನು ತಂದು ಒಂದು ಮೂಲೆಯಲ್ಲಿ ನೆಡುತ್ತಿದ್ದ. ಅಕ್ಕಪಕ್ಕದವರ ಗಿಡ ಬಾಡಿದರೆ ಇವನ ಹತ್ತಿರ ತರುತ್ತಿದ್ದರು. ಎಲ್ಲರೂ ಇವನನ್ನು ಗಿಡದ ಡಾಕ್ಟರು ಅಂತ ಕರೆಯುತ್ತಿದ್ದರು. ಅಕ್ಷರ ಕಲಿಸಿದ್ದು ಸೂಸನ್. ಊರಿನಲ್ಲಿ ಶಾಲೆ ಇತ್ತು, ಆದರೆ ಅದು ಬಿಳಿಯರ ಮಕ್ಕಳಿಗೆ.

ಕರಿಯರ ಮಕ್ಕಳ ಶಾಲೆ ಇದ್ದದ್ದು ಎಂಟು ಹತ್ತು ಮೈಲಿ ದೂರದ ನಿಯೋಶೋ ಊರಿನಲ್ಲಿ. ಹನ್ನೆರಡು ವರ್ಷದ ಆಸುಪಾಸಿನಲ್ಲಿ ಜಾರ್ಜ್ ಒಬ್ಬನೇ ಅಲ್ಲಿಗೆ ನಡೆದು ಹೋದ. ಮೊದಲ ರಾತ್ರಿ ಯಾರದೋ ಕೊಟ್ಟಿಗೆಯಲ್ಲಿ ಮಲಗಿದ. ಬೆಳಗ್ಗೆ ಆ ಮನೆಯ ಮರಾಯಾ ವಾಟ್ಕಿನ್ಸ್ ಎಂಬ ಹೆಂಗಸು ಅವನನ್ನು ಕಂಡು ಒಳಗೆ ಕರೆದು ತಿನ್ನಲು ಕೊಟ್ಟರು. ಹೆಸರು ಕೇಳಿದರೆ ಹುಡುಗ ಕಾರ್ವರ್ ಅವರ ಜಾರ್ಜ್ ಅಂದ, ಗುಲಾಮರನ್ನು ಕರೆಯುತ್ತಿದ್ದುದೇ ಹಾಗೆ. ಇನ್ನು ಮುಂದೆ ಹಾಗೆ ಹೇಳಬಾರದು, ನೀನು ಜಾರ್ಜ್ ಕಾರ್ವರ್ ಅಂತ ಆಕೆ ತಿದ್ದಿದರು. ಮರಾಯಾ ಸೂಲಗಿತ್ತಿ, ಬಟ್ಟೆ ಒಗೆದು ಜೀವನ ಮಾಡುತ್ತಿದ್ದವರು. ಆಕೆಯ ಮನೆಯಲ್ಲಿ ಇದ್ದುಕೊಂಡು, ಮಧ್ಯಾಹ್ನದ ಬಿಡುವಿನಲ್ಲಿ ಓಡಿಬಂದು ಒಗೆಯಲು ಕೈ ಹಾಕಿ, ಮತ್ತೆ ಶಾಲೆಗೆ ಓಡಿ ಜಾರ್ಜ್ ಓದಿದ. ಸಾಧ್ಯವಾದಷ್ಟು ಕಲಿ, ಕಲಿತದ್ದನ್ನು ನಮ್ಮ ಜನಕ್ಕೆ ಹಿಂದಕ್ಕೆ ಕೊಡು ಎಂಬ ಅರ್ಥದ ಮಾತನ್ನು ಆಕೆ ಹೇಳಿದ್ದರು. ಅದು ಹುಡುಗನ ತಲೆಯಲ್ಲಿ ಕೂತುಬಿಟ್ಟಿತು.

ಆ ಶಾಲೆಯ ಮೇಷ್ಟರಿಗೆ ಗೊತ್ತಿದ್ದೆಲ್ಲ ಬೇಗ ಮುಗಿಯಿತು. ಮುಂದಿನ ಸುಮಾರು ಹತ್ತು ವರ್ಷ ಕ್ಯಾನ್ಸಸ್ ರಾಜ್ಯದಲ್ಲಿ ಊರಿಂದ ಊರಿಗೆ ಅಲೆದಾಟ. ಎಲ್ಲಿ ಶಾಲೆ ಇದೆಯೋ ಅಲ್ಲಿಗೆ ಹೋಗುವುದು, ಅಡುಗೆ ಮಾಡಿಯೋ ಬಟ್ಟೆ ಒಗೆದೋ ಹೊಟ್ಟೆ ಹೊರೆಯುವುದು, ಓದುವುದು. ಫೋರ್ಟ್ ಸ್ಕಾಟ್ ಎಂಬ ಊರಿನಲ್ಲಿ ಜನರ ಗುಂಪೊಂದು ಒಬ್ಬ ಕರಿಯ ಮನುಷ್ಯನನ್ನು ಕೊಂದದ್ದನ್ನು ಕಣ್ಣಾರೆ ಕಂಡು ಅವತ್ತೇ ಆ ಊರು ಬಿಟ್ಟ. ಕೊನೆಗೆ ಮಿನಿಯಾಪೊಲಿಸ್ ಎಂಬಲ್ಲಿ (ಇದು ಮಿನೆಸೋಟಾದ ದೊಡ್ಡ ಊರಲ್ಲ, ಕ್ಯಾನ್ಸಸ್‌ನ ಸಣ್ಣ ಊರು) ಹೈಸ್ಕೂಲು ಓದಿದ. ಅದೇ ಊರಿನಲ್ಲಿ ಇನ್ನೊಬ್ಬ ಜಾರ್ಜ್ ಕಾರ್ವರ್ ಇದ್ದದ್ದರಿಂದ ಕಾಗದಗಳು ಅದಲು ಬದಲಾಗುತ್ತಿದ್ದವು. ಅದಕ್ಕೇ ನಡುವೆ ವಾಷಿಂಗ್ಟನ್ ಸೇರಿಕೊಂಡಿತು.

ಇನ್ನು ಕಾಲೇಜು. ಸುಮಾರು 1885ರಲ್ಲಿ ಕಾರ್ವರ್ ಕ್ಯಾನ್ಸಸ್‌ನ ಹೈಲ್ಯಾಂಡ್ ಕಾಲೇಜಿಗೆ ಅಂಚೆಯಲ್ಲಿ ಅರ್ಜಿ ಹಾಕಿದರು. ಓದಿದ ದಾಖಲೆ ಚೆನ್ನಾಗಿತ್ತು, ಸೀಟು ಸಿಕ್ಕಿತು ಅಂತ ಉತ್ತರ ಬಂತು. ಇದ್ದದ್ದನ್ನೆಲ್ಲ ಗಂಟುಕಟ್ಟಿಕೊಂಡು ಕಾಲೇಜಿನ ಬಾಗಿಲಿಗೆ ಹೋಗಿ ನಿಂತರು. ಮುಖ ನೋಡಿದ ಮೇಲೆ ಕಾಲೇಜಿನವರು ಕರಿಯರನ್ನು ಸೇರಿಸಿಕೊಳ್ಳುವುದಿಲ್ಲ ಅಂದರು. ಅಷ್ಟೇ, ಮುಗಿಯಿತು. ಅರ್ಜಿ ತಿರಸ್ಕಾರವಾದರೆ ನಮ್ಮ ಮಕ್ಕಳಿಗೆ ಒಂದು ವಾರ ಊಟ ಸೇರುವುದಿಲ್ಲ. ಒಮ್ಮೆ ಬಾ ಅಂತ ಕರೆದು ಬಾಗಿಲಿಂದ ಹಿಂದಕ್ಕೆ ಕಳಿಸಿದರೆ ಹೇಗಿರಬಹುದು, ಯೋಚಿಸಿ. ಕಾರ್ವರ್‌ಗೆ ಎಷ್ಟು ನೋವಾಯಿತೆಂದರೆ ಮತ್ತೆ ಕಾಲೇಜಿನ ಹೆಸರೆತ್ತಲು ಐದು ವರ್ಷ ಬೇಕಾಯಿತು.

ಆ ಐದು ವರ್ಷ ಅವರು ಸುಮ್ಮನೆ ಕೂರಲಿಲ್ಲ. ಕ್ಯಾನ್ಸಸ್‌ನ ಪಶ್ಚಿಮಕ್ಕೆ, ನೆಸ್ ಕೌಂಟಿಯ ಬಯಲಿಗೆ ಹೋಗಿ 160 ಎಕರೆ ಸರ್ಕಾರಿ ಜಮೀನಿಗೆ ಹೆಸರು ಬರೆಸಿದರು. ಮರ ಸಿಗದ ಸೀಮೆ ಅದು. ಹುಲ್ಲಿನ ಬೇರು ಹಿಡಿದುಕೊಂಡಿರುವ ಮಣ್ಣಿನ ಹೆಂಟೆಗಳನ್ನು ಕೊಯ್ದು ಇಟ್ಟಿಗೆಯ ಹಾಗೆ ಪೇರಿಸಿ ಮನೆ ಕಟ್ಟಿಕೊಂಡರು. ಎತ್ತು ಕುದುರೆ ಇಲ್ಲದೆ ಕೈಯಲ್ಲೇ 17 ಎಕರೆ ಅಗೆದು ಜೋಳ, ತರಕಾರಿ ಹಾಕಿದರು. ಮನೆಗೆ ತಾಗಿದಂತೆ ಒಂದು ಸಣ್ಣ ಕೋಣೆಯಲ್ಲಿ ನೂರಾರು ಗಿಡಗಳು, ಬಗೆಬಗೆಯ ಕಲ್ಲುಗಳು. ಅಲ್ಲೇ ಒಬ್ಬರ ಬಳಿ ಚಿತ್ರ ಬರೆಯುವ ಪಾಠವೂ ಆಯಿತು. ಆದರೆ ಮಳೆ ಇಲ್ಲ, ಹಿಮಗಾಳಿ ಬೇರೆ. 1888ರಲ್ಲಿ ಬ್ಯಾಂಕಿನಿಂದ 300 ಡಾಲರ್ ಸಾಲ ತೆಗೆದು, ಸ್ವಲ್ಪ ದಿನಕ್ಕೆ ಆ ಊರನ್ನೂ ಬಿಟ್ಟು ಅಯೋವಾ ಕಡೆಗೆ ಹೊರಟರು.

ಅಯೋವಾದ ವಿಂಟರ್‌ಸೆಟ್‌ನಲ್ಲಿ ಅವರಿಗೆ ಹೋಟೆಲಿನಲ್ಲಿ ಅಡುಗೆ ಕೆಲಸ. ಒಂದು ಭಾನುವಾರ ಚರ್ಚಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಹಾಡುತ್ತಿದ್ದರು. ಆ ದನಿ ಕೇಳಿದ ಶ್ರೀಮತಿ ಮಿಲ್‌ಹಾಲೆಂಡ್ ಎಂಬವರು, ಹಾಡುತ್ತಿದ್ದವರು ಯಾರು ಅಂತ ವಿಚಾರಿಸಿ ಮನೆಗೆ ಕರೆಸಿದರು. ಅವರ ಗಂಡ ಡಾಕ್ಟರು. ಆ ದಂಪತಿಗಳಿಗೂ ಕಾರ್ವರ್‌ಗೂ ಸ್ನೇಹ ಬೆಳೆಯಿತು. ಅವರ ಮನೆಯ ಕೈತೋಟದಲ್ಲಿ ಗಿಡಗಳ ಬಗ್ಗೆ ಇವರು ಹೇಳುವುದು, ಪಿಯಾನೋ ಮುಂದೆ ಕೂತು ಹಾಡುವುದು. ಇಷ್ಟು ಬುದ್ಧಿ ಇಟ್ಟುಕೊಂಡು ಅಡುಗೆ ಮನೆಯಲ್ಲಿ ಯಾಕಿದ್ದೀಯ, ಇಂಡಿಯನೋಲಾದಲ್ಲಿ ಸಿಂಪ್ಸನ್ ಕಾಲೇಜಿದೆ, ಅಲ್ಲಿಗೆ ಹೋಗು ಅಂತ ಮಿಲ್‌ಹಾಲೆಂಡ್ ದಂಪತಿಗಳು ಒತ್ತಾಯ ಹಚ್ಚಿದರು. ಹೈಲ್ಯಾಂಡಿನ ಗಾಯ ಇನ್ನೂ ಹಸಿ. ಮತ್ತೆ ಬಾಗಿಲಿಂದ ಓಡಿಸಿದರೆ? ಅವರು ಬಿಡಲಿಲ್ಲ. ಕೊನೆಗೆ 1890ರಲ್ಲಿ ಕಾರ್ವರ್ ಹೊರಟರು.

ಸಿಂಪ್ಸನ್ ಸಣ್ಣ ಕಾಲೇಜು, ಮೆಥೊಡಿಸ್ಟ್ ಚರ್ಚಿಗೆ ಸೇರಿದ್ದು. ಅಲ್ಲಿ ಬಣ್ಣ ನೋಡದೆ ಸೇರಿಸಿಕೊಂಡರು. ಆಗ ಕಾರ್ವರ್‌ಗೆ ಇಪ್ಪತ್ತೈದು ದಾಟಿತ್ತು, ಸಹಪಾಠಿಗಳೆಲ್ಲ ಚಿಕ್ಕವರು. ಫೀಸು ಕಟ್ಟಿದ ಮೇಲೆ ಕೈಯಲ್ಲಿ ಉಳಿದದ್ದು ಕೆಲವೇ ಸೆಂಟುಗಳು. ಅದರಲ್ಲಿ ಮೆಕ್ಕೆಜೋಳದ ಹಿಟ್ಟು, ಒಂದಿಷ್ಟು ಕೊಬ್ಬು ಕೊಂಡು ಒಂದು ವಾರ ಅದರಲ್ಲೇ ಕಳೆದರು. ಒಂದು ಗುಡಿಸಲಿನಲ್ಲಿ ಹುಡುಗರ ಬಟ್ಟೆ ಒಗೆದು ಇಸ್ತ್ರಿ ಮಾಡುವ ಲಾಂಡ್ರಿ ಹಾಕಿದರು. ಕೂರಲು ಕುರ್ಚಿಯೂ ಇಲ್ಲದ ಗುಡಿಸಲು ಅದು. ಬಟ್ಟೆ ಕೊಡಲು ಬಂದ ಹುಡುಗರು ಪೆಟ್ಟಿಗೆ ಮೇಲೆ ಕೂತು ಇವರ ಅಲೆದಾಟದ ಕಥೆ ಕೇಳುತ್ತಿದ್ದರು. ಒಂದು ದಿನ ಇವರು ಹೊರಗೆ ಹೋಗಿದ್ದಾಗ ಆ ಹುಡುಗರೇ ಮೇಜು ಕುರ್ಚಿ ತಂದು ಒಳಗಿಟ್ಟು ಸದ್ದಿಲ್ಲದೆ ಹೋಗಿಬಿಟ್ಟರು. ಕೊಟ್ಟರೆ ಬೇಡ ಅನ್ನುತ್ತಾರೆ ಅಂತ ಅವರಿಗೆ ಗೊತ್ತಿತ್ತು.

ಅಲ್ಲಿ ಕಾರ್ವರ್ ಕಲಿಯಲು ಬಯಸಿದ್ದು ಚಿತ್ರಕಲೆ. ಚಿತ್ರದ ಟೀಚರ್ ಎಟ್ಟಾ ಬಡ್ ಮೊದಲು ಅನುಮಾನಿಸಿ, ಎರಡು ವಾರ ನೋಡೋಣ ಅಂದರು. ಎರಡು ವಾರದಲ್ಲಿ ಅನುಮಾನ ಹೋಯಿತು. ಇವರು ಬರೆಯುತ್ತಿದ್ದ ಚಿತ್ರಗಳಲ್ಲಿ ಹೂವು ಗಿಡಗಳೇ ಹೆಚ್ಚು. ಕ್ಲಾಸಿಗೆ ನಿಜವಾದ ಗಿಡಗಳನ್ನೂ ತರುತ್ತಿದ್ದರು. ತಾವೇ ಕಸಿ ಮಾಡಿದ್ದು, ತಾವೇ ಬೆಳೆಸಿದ್ದು. ಎಟ್ಟಾ ಬಡ್ ಅದನ್ನು ಗಮನಿಸಿದರು. ಈ ದೇಶದಲ್ಲಿ ಈ ಕಾಲದಲ್ಲಿ ಒಬ್ಬ ಕರಿಯ ಮನುಷ್ಯ ಚಿತ್ರ ಬರೆದು ಬದುಕುವುದು ಕಷ್ಟ ಎಂಬ ಚಿಂತೆ ಒಂದು ಕಡೆ, ಗಿಡಗಳ ವಿಷಯದಲ್ಲಿ ಇವರಿಗಿರುವ ಕೈಗುಣ ಇನ್ನೊಂದು ಕಡೆ. ಆಕೆಯ ತಂದೆ ಜೋಸೆಫ್ ಬಡ್ ಏಮ್ಸ್ ಊರಿನ ಅಯೋವಾ ಸ್ಟೇಟ್ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆಯ ಪ್ರೊಫೆಸರ್. ನೀನು ಅಲ್ಲಿಗೆ ಹೋಗಿ ಸಸ್ಯಶಾಸ್ತ್ರ ಓದು ಅಂತ ಆಕೆ ಹೇಳಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಸಿಂಪ್ಸನ್‌ನಲ್ಲಿ ಕಾರ್ವರ್ ಸುಖವಾಗಿದ್ದರು. ತಾನೂ ಮನುಷ್ಯ ಅಂತ ತಮಗೆ ನಂಬಿಕೆ ಬಂದದ್ದೇ ಅಲ್ಲಿ ಅಂತ ಅವರು ಮುಂದೆ ನೆನೆಯುತ್ತಿದ್ದರು. ಸ್ನೇಹಿತರಿದ್ದರು, ಲಾಂಡ್ರಿ ನಡೆಯುತ್ತಿತ್ತು, ಇಷ್ಟದ ಚಿತ್ರಕಲೆ ಇತ್ತು. ಹತ್ತು ವರ್ಷ ಅಲೆದ ಮೇಲೆ ಸಿಕ್ಕ ನೆಲೆ. ಅದನ್ನು ಬಿಟ್ಟು, ಗುರುತು ಪರಿಚಯವಿಲ್ಲದ ಇನ್ನೊಂದು ಕಡೆಗೆ ಯಾಕೆ ಹೋಗಬೇಕು? ತುಂಬಾ ದಿನ ಅವರಿಗೆ ಮನಸ್ಸೇ ಆಗಲಿಲ್ಲ. ಕೊನೆಗೆ ತೂಕಕ್ಕೆ ಬಂದದ್ದು ಮರಾಯಾ ಹೇಳಿದ್ದ ಮಾತು. ಹೊಲದಲ್ಲಿ ದುಡಿದೂ ಸಾಲದಲ್ಲಿ ಸಾಯುವ ತನ್ನ ಜನಕ್ಕೆ ಚಿತ್ರಕ್ಕಿಂತ ಬೇಸಾಯದ ವಿದ್ಯೆ ಹೆಚ್ಚು ಉಪಯೋಗ ಅನ್ನಿಸಿತು. ಟೀಚರ್ ಹೇಳಿದರು ಅಂತ ಮಾತ್ರ ಹೋದವರಲ್ಲ ಅವರು. ಹಾಗಂತ ಆಕೆ ಹೇಳದಿದ್ದರೆ ಹೋಗುತ್ತಲೂ ಇರಲಿಲ್ಲ. ತನ್ನ ವಿಷಯ ಬಿಟ್ಟು ಬೇರೆ ವಿಷಯಕ್ಕೆ, ತನ್ನ ಕಾಲೇಜು ಬಿಟ್ಟು ಬೇರೆ ಕಾಲೇಜಿಗೆ ಒಳ್ಳೆಯ ಶಿಷ್ಯನನ್ನು ಕಳಿಸುವ ಗುರುಗಳು ಎಲ್ಲ ಕಡೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ವ್ಯಕ್ತಿ ಎಟ್ಟಾ ಬಡ್.

ಏಮ್ಸ್ ಕಾಲೇಜು ಎಂಥದ್ದು ಅಂತಲೂ ಹೇಳಬೇಕು. 1862ರಲ್ಲಿ ಅಧ್ಯಕ್ಷ ಲಿಂಕನ್ ಒಂದು ಕಾಯಿದೆಗೆ ಸಹಿ ಹಾಕಿದ್ದರು. ಕೇಂದ್ರ ಸರ್ಕಾರ ರಾಜ್ಯಗಳಿಗೆ ಜಮೀನು ಕೊಡುವುದು, ಅದನ್ನು ಮಾರಿ ಬಂದ ಹಣದಲ್ಲಿ ರಾಜ್ಯಗಳು ಬೇಸಾಯ ಮತ್ತು ಎಂಜಿನಿಯರಿಂಗ್ ಕಲಿಸುವ ಕಾಲೇಜು ನಡೆಸುವುದು. ಆ ಕಾಯಿದೆಯನ್ನು ಎಲ್ಲಕ್ಕಿಂತ ಮೊದಲು ಒಪ್ಪಿಕೊಂಡ ರಾಜ್ಯ ಅಯೋವಾ. ಪೂರ್ವ ತೀರದ ಹಳೆಯ ಕಾಲೇಜುಗಳ ಮುಂದೆ ಏಮ್ಸ್‌ಗೆ ಹೆಸರಿಲ್ಲ, ಊರಿನ ಸುತ್ತ ಜೋಳದ ಹೊಲ. ಆದರೆ ಒಂದು ಗಿಡಕ್ಕೆ ರೋಗ ಯಾಕೆ ಬರುತ್ತೆ, ಮಣ್ಣಿನಲ್ಲಿ ಏನು ಕಡಿಮೆಯಾದರೆ ಬೆಳೆ ಸೊರಗುತ್ತೆ ಎಂಬುದನ್ನು ಅವತ್ತು ಕೈಯಾರೆ ಮಾಡಿ ನೋಡುವ ಜಾಗ ಅದು. ಪ್ರಯೋಗದ ಹೊಲಗಳಿದ್ದವು, ಗಾಜಿನ ಮನೆಗಳಿದ್ದವು. (ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನ ಗಾಜಿನ ಮನೆ ನೋಡಿದ್ದೀರಲ್ಲ? ಅಂಥದ್ದು ಅಂದುಕೊಳ್ಳಿ, ಚಿಕ್ಕದು. ಚಳಿ ದೇಶದಲ್ಲಿ ಗಿಡಗಳನ್ನು ಬೆಚ್ಚಗಿಡಲು.)

1891ರಲ್ಲಿ ಕಾರ್ವರ್ ಅಲ್ಲಿಗೆ ಸೇರಿದರು. ಆ ಕಾಲೇಜಿನ ಮೊದಲ ಕರಿಯ ವಿದ್ಯಾರ್ಥಿ. ಆರಂಭ ಚೆನ್ನಾಗಿರಲಿಲ್ಲ. ಹಾಸ್ಟೆಲಿನಲ್ಲಿ ಜಾಗ ಕೊಡಲಿಲ್ಲ, ಪ್ರೊಫೆಸರೊಬ್ಬರು ತಮ್ಮ ಕಚೇರಿ ಕೋಣೆಯನ್ನು ಬಿಟ್ಟುಕೊಡಬೇಕಾಯಿತು. ಊಟದ ಮನೆಯಲ್ಲಿ ಉಳಿದ ಹುಡುಗರ ಜೊತೆ ಕೂರುವಂತಿಲ್ಲ, ಕೆಳಗಿನ ನೆಲಮಾಳಿಗೆಯಲ್ಲಿ ಕೆಲಸದವರ ಜೊತೆ ಊಟ. ಆ ದಿನಗಳಲ್ಲಿ ಮಿಲ್‌ಹಾಲೆಂಡ್ ದಂಪತಿಗಳಿಗೆ ಬರೆದ ಕಾಗದದಲ್ಲಿ ಸಿಂಪ್ಸನ್‌ನಷ್ಟು ಈ ಜಾಗ ಹಿಡಿಸಲಿಲ್ಲ ಅಂತ ಬರೆದರು. ಮೊದಲ ಸೆಮಿಸ್ಟರಿನಲ್ಲಿ ಮನೆಗೆ ಫೋನ್ ಮಾಡಿ ಅಳುವ ಮಕ್ಕಳು ನೂರಮೂವತ್ತು ವರ್ಷದ ಹಿಂದೆಯೂ ಇದ್ದರು, ನೋಡಿ. ವ್ಯತ್ಯಾಸ ಏನೆಂದರೆ ಇವರ ಕಾರಣ ನಿಜಕ್ಕೂ ದೊಡ್ಡದು.

ಸುದ್ದಿ ಇಂಡಿಯನೋಲಾಕ್ಕೂ ಮುಟ್ಟಿತು. ಅಲ್ಲಿನ ಶ್ರೀಮತಿ ಲಿಸ್ಟನ್ ಎಂಬ ಗೆಳತಿ ತಮ್ಮ ಒಳ್ಳೆಯ ಉಡುಪು ಹಾಕಿಕೊಂಡು ರೈಲು ಹತ್ತಿ ಏಮ್ಸ್‌ಗೆ ಬಂದರು. ಇಡೀ ದಿನ ಕಾರ್ವರ್ ಜೊತೆ ಕಾಲೇಜಿನ ಆವರಣದಲ್ಲೆಲ್ಲ ಓಡಾಡಿದರು. ಊಟದ ಹೊತ್ತಿಗೆ ನೆಲಮಾಳಿಗೆಗೆ ಹೋಗಿ ಅವರ ಪಕ್ಕದಲ್ಲೇ ಕೂತು ಉಂಡರು. ಜಗಳ ಆಡಲಿಲ್ಲ, ದೂರು ಕೊಡಲಿಲ್ಲ. ಅದಾದ ಮೇಲೆ ವಾತಾವರಣ ಮೆಲ್ಲಗೆ ಬದಲಾಯಿತು.

ಆಮೇಲೆ ಕಾರ್ವರ್ ಆ ಕಾಲೇಜನ್ನು ಹೇಗೆ ಬಳಸಿಕೊಂಡರು ನೋಡಿ. ಹೊಟ್ಟೆಪಾಡಿಗೆ ಕಟ್ಟಡ ಗುಡಿಸುವುದು, ಊಟ ಬಡಿಸುವುದು, ಗಾಜಿನ ಮನೆಯಲ್ಲಿ ಗಿಡ ನೋಡಿಕೊಳ್ಳುವುದು. ಚರ್ಚಾಕೂಟ ಸೇರಿದರು, ಜರ್ಮನ್ ಕ್ಲಬ್ಬು, ಚಿತ್ರ ಕ್ಲಬ್ಬು ಎಲ್ಲದರಲ್ಲೂ ಇದ್ದರು. ಪ್ರಾರ್ಥನೆಯ ಗುಂಪು ನಡೆಸಿದರು. ವಿದ್ಯಾರ್ಥಿಗಳ ಸೈನಿಕ ದಳದಲ್ಲಿ ಕ್ಯಾಪ್ಟನ್ ಆದರು. ಫುಟ್‌ಬಾಲ್ ತಂಡದ ಹುಡುಗರಿಗೆ ಕೈಕಾಲು ಉಜ್ಜಿ ನೋವು ತೆಗೆಯುವ ಕೆಲಸವನ್ನೂ ಮಾಡಿದರು. ಇವತ್ತಿನ ಕೆಲವು ಮಕ್ಕಳು ಅರ್ಜಿಯಲ್ಲಿ ತುಂಬಿಸಲು ಇಷ್ಟೆಲ್ಲ ಮಾಡುತ್ತಾರೆ. ಇವರು ಅರ್ಜಿ ಮುಗಿದ ಮೇಲೆ ಮಾಡಿದ್ದು ನನಗೆ ಖುಷಿ ಕೊಡುವ ವಿಷಯ.

ಚಿತ್ರ ಬರೆಯುವುದನ್ನೂ ಬಿಡಲಿಲ್ಲ. 1892ರ ಕೊನೆಯಲ್ಲಿ ಸೀಡರ್ ರಾಪಿಡ್ಸ್ ಊರಿನಲ್ಲಿ ಅಯೋವಾ ಚಿತ್ರಕಾರರ ಪ್ರದರ್ಶನ. ಹೋಗಲು ಒಳ್ಳೆ ಬಟ್ಟೆ ಇಲ್ಲ, ಟಿಕೆಟ್ಟಿಗೆ ದುಡ್ಡಿಲ್ಲ, ಅದಕ್ಕೇ ಇವರು ಮಾತೇ ಎತ್ತಿರಲಿಲ್ಲ. ಸಹಪಾಠಿಗಳು ಏನೋ ನೆಪ ಹೇಳಿ ಇವರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಸೂಟು ಕೊಡಿಸಿ, ಕೈಗೆ ರೈಲಿನ ಟಿಕೆಟ್ ಇಟ್ಟರು. ನೆಲಮಾಳಿಗೆಯಲ್ಲಿ ಊಟಕ್ಕೆ ಕೂರಿಸಿದ್ದ ಅದೇ ಕಾಲೇಜು. ಅಲ್ಲಿಂದ ಇವರ ಚಿತ್ರ 1893ರ ಚಿಕಾಗೋ ವಿಶ್ವ ಮೇಳಕ್ಕೆ ಹೋಯಿತು. ಯಕ್ಕಾ ಗಿಡ ಮತ್ತು ಪಾಪಾಸುಕಳ್ಳಿಯ ಆ ಚಿತ್ರಕ್ಕೆ ಅಲ್ಲಿ ಪ್ರಶಸ್ತಿ ಪತ್ರ ಸಿಕ್ಕಿತು.

ಇದೆಲ್ಲದರ ನಡುವೆ ಅಸಲಿ ವಿಷಯ ಗಾಜಿನ ಮನೆಯಲ್ಲಿ ನಡೆಯುತ್ತಿತ್ತು. ಲೂಯಿಸ್ ಪ್ಯಾಮೆಲ್ ಎಂಬ ಪ್ರೊಫೆಸರ್ ಸಸ್ಯರೋಗಗಳ ಬಗ್ಗೆ, ಅದರಲ್ಲೂ ಶಿಲೀಂಧ್ರಗಳ ಬಗ್ಗೆ ಕೆಲಸ ಮಾಡುತ್ತಿದ್ದರು. ಶಿಲೀಂಧ್ರ ಅಂದರೆ ಬ್ರೆಡ್ಡಿನ ಮೇಲೆ ಬರುವ ಬೂಸ್ಟಿನ ಜಾತಿ. ಬೆಳೆಗಳಿಗೆ ಬರುವ ಎಷ್ಟೋ ರೋಗಗಳಿಗೆ ಅದೇ ಕಾರಣ. ಕಾರ್ವರ್ ಕಣ್ಣು ಚಿತ್ರಕಾರನ ಕಣ್ಣು. ಎಲೆಯ ಮೇಲಿನ ಚುಕ್ಕೆಯಲ್ಲಿ ಬೇರೆಯವರು ಕಾಣದ್ದನ್ನು ಅವರು ಕಾಣುತ್ತಿದ್ದರು. ಹೊಲ ಕಾಡು ಸುತ್ತಿ ಶಿಲೀಂಧ್ರಗಳನ್ನು ಆರಿಸಿ ತರುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಮುಂದೆ ಕೆಲವು ಶಿಲೀಂಧ್ರಗಳಿಗೆ ಅವರ ಹೆಸರನ್ನೇ ಇಟ್ಟರು. ಸಿಂಪ್ಸನ್‌ನಲ್ಲಿ ಕಲಿತ ಚಿತ್ರಕಲೆ ವ್ಯರ್ಥವಾಯಿತು ಅಂದುಕೊಂಡವರು ಇದನ್ನು ಗಮನಿಸಬೇಕು. 1894ರಲ್ಲಿ ಪದವಿ ಬಂತು. ಮನುಷ್ಯ ಗಿಡಗಳನ್ನು ಹೇಗೆ ಬದಲಾಯಿಸುತ್ತಾನೆ, ಕಸಿ ಮಾಡಿ, ತಳಿ ಬೆರೆಸಿ, ಎಂಬುದು ಅವರ ಪ್ರಬಂಧದ ವಿಷಯ. ಬಾಲ್ಯದಲ್ಲಿ ಕಾಡಿನ ಮೂಲೆಯಲ್ಲಿ ಮಾಡುತ್ತಿದ್ದುದೇ ಅದು.

ಪ್ಯಾಮೆಲ್ ಅವರನ್ನು ಬಿಟ್ಟುಕೊಡಲಿಲ್ಲ. ಸಹಾಯಕನಾಗಿ ಕೆಲಸ ಕೊಟ್ಟು, ಮಾಸ್ಟರ್ ಪದವಿಗೆ ಸೇರಿಸಿಕೊಂಡರು. ಕಾರ್ವರ್ ಹೊಸ ವಿದ್ಯಾರ್ಥಿಗಳಿಗೆ ಪಾಠ ಮಾಡಿದರು. ಆ ಕಾಲೇಜಿನ ಮೊದಲ ಕರಿಯ ಅಧ್ಯಾಪಕರೂ ಅವರೇ. ಒಬ್ಬ ಪ್ರೊಫೆಸರರ ಆರು ವರ್ಷದ ಮಗ ಹೆನ್ರಿ ವಾಲೇಸ್ ಅವರ ಹಿಂದೆ ಹಿಂದೆ ಸುತ್ತುತ್ತಿದ್ದ. ಗಿಡ ಹುಡುಕಲು ಹೋಗುವಾಗ ಆ ಪುಟ್ಟನನ್ನೂ ಕರೆದುಕೊಂಡು ಹೋಗಿ, ಹುಲ್ಲಿನ ಹೂವಿನ ಭಾಗಗಳನ್ನು ತೋರಿಸಿ ಹೇಳಿಕೊಡುತ್ತಿದ್ದರು. ಆ ಹುಡುಗ ಮುಂದೆ ಹೈಬ್ರಿಡ್ ಜೋಳದ ಬೀಜದ ಕಂಪನಿ ಕಟ್ಟಿದ, ದೇಶದ ಕೃಷಿ ಮಂತ್ರಿಯಾದ, 1941ರಲ್ಲಿ ಅಮೆರಿಕಾದ ಉಪಾಧ್ಯಕ್ಷನೂ ಆದ. ಗಿಡಗಳ ಲೋಕಕ್ಕೆ ಕೈಹಿಡಿದು ಕರೆದೊಯ್ದವರು ಕಾರ್ವರ್ ಅಂತ ಆತ ಎಂದೂ ಮರೆಯಲಿಲ್ಲ.

1896ರಲ್ಲಿ ಮಾಸ್ಟರ್ ಪದವಿ ಮುಗಿಯಿತು. ಏಮ್ಸ್‌ನಲ್ಲೇ ಉಳಿಯಬಹುದಿತ್ತು, ಉಳಿಸಿಕೊಳ್ಳಲು ಅವರೂ ಸಿದ್ಧ. ಆ ಹೊತ್ತಿಗೆ ದಕ್ಷಿಣದ ಅಲಬಾಮಾ ರಾಜ್ಯದಿಂದ ಒಂದು ಕಾಗದ ಬಂತು. ಬರೆದವರು ಬುಕರ್ ಟಿ. ವಾಷಿಂಗ್ಟನ್. ಅವರೂ ಗುಲಾಮರಾಗಿ ಹುಟ್ಟಿದವರು. 1881ರಲ್ಲಿ ಟಸ್ಕೀಗೀ ಎಂಬಲ್ಲಿ ಕರಿಯರ ಮಕ್ಕಳಿಗಾಗಿ ಶಾಲೆ ಕಟ್ಟಿದ್ದರು. ಬೇಸಾಯದ ವಿಭಾಗ ನಡೆಸಲು ಓದಿದವರು ಬೇಕಾಗಿತ್ತು. ಕಾರ್ವರ್ ಹೋಗಲು ಒಪ್ಪಿದರು. ಕೆಲವು ವರ್ಷ ಅಲ್ಲಿ ದುಡಿದು ಆಮೇಲೆ ಚಿತ್ರಕಲೆಗೆ ಮರಳುವುದು ಅವರ ಎಣಿಕೆ. ಹೋದವರು ನಲವತ್ತಾರು ವರ್ಷ, ಸಾಯುವ ತನಕ, ಅಲ್ಲೇ ಇದ್ದರು.

ಅಲ್ಲಿ ಪ್ರಯೋಗಶಾಲೆಯೇ ಇರಲಿಲ್ಲ. ಕಾರ್ವರ್ ತಮ್ಮ ವಿದ್ಯಾರ್ಥಿಗಳನ್ನು ತಿಪ್ಪೆಗಳ ಹತ್ತಿರ ಕರೆದುಕೊಂಡು ಹೋದರು. ಒಡೆದ ಬಾಟಲಿ, ಹಳೆ ಡಬ್ಬ, ತಂತಿ, ಬಿಸಾಡಿದ ಪಾತ್ರೆ ಎಲ್ಲ ಆರಿಸಿ ತಂದರು. ಬಾಟಲಿಯ ಕತ್ತು ಕೊಯ್ದು ಬೀಕರ್ ಆಯಿತು, ಮಸಿ ಕುಡಿಕೆಗೆ ಬತ್ತಿ ಹಾಕಿ ದೀಪ ಆಯಿತು. ಏಮ್ಸ್‌ನ ಗಾಜಿನ ಮನೆಗಳಿಂದ ಬಂದ ಮನುಷ್ಯ ಇದರಲ್ಲೇ ಮಣ್ಣು ಪರೀಕ್ಷೆ ಕಲಿಸಿದರು.

ಸುತ್ತಲಿನ ಹೊಲಗಳಲ್ಲಿ ವರ್ಷ ವರ್ಷವೂ ಹತ್ತಿ, ಹತ್ತಿ, ಹತ್ತಿ. ಮಣ್ಣಿನ ಸಾರವೆಲ್ಲ ಹೀರಿಹೋಗಿತ್ತು. ಕಾರ್ವರ್ ಅಲಸಂದೆ ಹಾಕಿ, ಕಡಲೆಕಾಯಿ ಹಾಕಿ, ಗೆಣಸು ಹಾಕಿ ಅಂದರು. ಅಲಸಂದೆ, ಕಡಲೆಕಾಯಿ ಗಿಡಗಳ ಬೇರಿನಲ್ಲಿ ಸಣ್ಣ ಗಂಟುಗಳಿರುತ್ತವೆ. ಅವುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ, ಮಣ್ಣೂ ಚೇತರಿಸಿಕೊಳ್ಳುತ್ತೆ. ಬೇಳೆಕಾಳಿನ ಬೆಳೆ ಹಾಕಿದ ಹೊಲ ಚೆನ್ನಾಗಿರುತ್ತೆ ಅನ್ನೋದು ನಮ್ಮ ಊರಿನ ರೈತರಿಗೆ ಗೊತ್ತಿರುವ ಸಂಗತಿಯೇ. ಆದರೆ ಅಲಬಾಮಾದಲ್ಲಿ ಕಡಲೆಕಾಯಿ ಬೆಳೆದವನು ಅದನ್ನು ಏನು ಮಾಡಬೇಕು? ನಮ್ಮಲ್ಲಿ ಹಾಗಲ್ಲ. ಕಾರ್ತಿಕ ಮಾಸದಲ್ಲಿ ಬಸವನಗುಡಿಯಲ್ಲಿ ಪರಿಷೆ ಮಾಡಿ ರಾಶಿ ರಾಶಿ ತಿನ್ನುತ್ತೇವೆ, ಉತ್ತರ ಕರ್ನಾಟಕದವರಿಗೆ ಶೇಂಗಾ ಚಟ್ನಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ. ಅಲ್ಲಿ ಜನಕ್ಕೆ ಅಷ್ಟು ಬಳಕೆ ಗೊತ್ತಿರಲಿಲ್ಲ. ಅದಕ್ಕೇ ಕಾರ್ವರ್ ಸೂಪು, ಬಿಸ್ಕತ್ತು, ಮಿಠಾಯಿ ಅಂತ 105 ಅಡುಗೆಗಳನ್ನು ಹೇಳುವ ಕಿರುಪುಸ್ತಕವನ್ನು 1916ರಲ್ಲಿ ಬರೆದರು. ಸೂಸನ್ ಮನೆಯಲ್ಲಿ ಕಲಿತ ಅಡುಗೆ ಇಲ್ಲಿ ಬಂತು. 1906ರಿಂದಲೇ ಒಂದು ಗಾಡಿಯಲ್ಲಿ ಸಲಕರಣೆ ತುಂಬಿಸಿ ಹಳ್ಳಿ ಹಳ್ಳಿಗೆ ಕಳಿಸಿ ರೈತರಿಗೆ ಪಾಠ ಮಾಡುವ ವ್ಯವಸ್ಥೆಯೂ ಶುರುವಾಗಿತ್ತು. ಕಾಲೇಜಿಗೆ ಬರಲಾಗದವರ ಹತ್ತಿರ ಕಾಲೇಜೇ ಹೋಗಬೇಕು ಎಂಬುದು ಅದರ ಲೆಕ್ಕ.

ಎಲ್ಲದರಲ್ಲೂ ಅವರು ಗೆದ್ದರು ಅಂತ ಹೇಳಲಾರೆ. ಆಡಳಿತ ಅವರ ಕೈಗೆ ಹತ್ತಲಿಲ್ಲ. ಕೋಳಿ ಸಾಕಣೆಯ ಲೆಕ್ಕ ಸರಿಯಿಲ್ಲ ಅಂತ ಬುಕರ್ ವಾಷಿಂಗ್ಟನ್ ಅವರಿಗೂ ಇವರಿಗೂ ವರ್ಷಗಟ್ಟಲೆ ಜಟಾಪಟಿ. ಕೆಲಸ ಬಿಡುತ್ತೇನೆ ಅಂತ ಎಷ್ಟೋ ಸಲ ಕಾಗದ ಬರೆದರು, ಬಿಡಲಿಲ್ಲ. 1921ರಲ್ಲಿ ಕಡಲೆಕಾಯಿಯ ಆಮದು ಸುಂಕದ ವಿಷಯವಾಗಿ ಅಮೆರಿಕಾದ ಸಂಸತ್ತಿನ ಸಮಿತಿಯ ಮುಂದೆ ಮಾತಾಡಲು ಹೋದಾಗ ಕೊಟ್ಟದ್ದು ಹತ್ತು ನಿಮಿಷ. ಕೆಲವು ಸದಸ್ಯರು ಮೊದಲು ಹಗುರವಾಗಿ ಕಂಡರು. ಕಾರ್ವರ್ ಚೀಲದಿಂದ ಒಂದೊಂದೇ ಕಡಲೆಕಾಯಿ ಪದಾರ್ಥ ತೆಗೆದು ತೋರಿಸುತ್ತಾ ಹೋದ ಹಾಗೆ ಸಮಯ ವಿಸ್ತರಿಸುತ್ತಾ ಹೋದರು. ಅಲ್ಲಿಂದ ಅವರ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಆಹಾರದ ವಿಷಯವಾಗಿ ನಮ್ಮ ಗಾಂಧೀಜಿಯವರ ಜೊತೆಗೂ ಅವರಿಗೆ ಪತ್ರವ್ಯವಹಾರವಿತ್ತು.

1928ರಲ್ಲಿ ಸಿಂಪ್ಸನ್ ಕಾಲೇಜು ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, ಲಾಂಡ್ರಿ ಹಾಕಿಕೊಂಡಿದ್ದ ಅದೇ ಊರಿನಲ್ಲಿ. ಕಾರ್ವರ್ ತೀರಿಕೊಂಡದ್ದು 1943ರ ಜನವರಿ 5ರಂದು. ಮದುವೆಯಾಗಿರಲಿಲ್ಲ, ಖರ್ಚು ಕಡಿಮೆ. ಉಳಿಸಿದ್ದ ಸುಮಾರು 60,000 ಡಾಲರ್ ಹಣವನ್ನು ಟಸ್ಕೀಗೀಯಲ್ಲಿ ಸಂಶೋಧನೆ ಮಾಡುವವರಿಗಾಗಿ ಕೊಟ್ಟುಹೋದರು. ಬುಕರ್ ವಾಷಿಂಗ್ಟನ್ ಸಮಾಧಿಯ ಪಕ್ಕದಲ್ಲೇ ಅವರ ಸಮಾಧಿ ಇದೆ. ಮಿಸೌರಿಯಲ್ಲಿ ಅವರು ಹುಟ್ಟಿದ ಜಾಗ ಈಗ ರಾಷ್ಟ್ರೀಯ ಸ್ಮಾರಕ, ಬೇಸಿಗೆ ರಜದಲ್ಲಿ ಆ ಕಡೆ ಹೋಗುವವರು ನೋಡಿಕೊಂಡು ಬರಬಹುದು.

ಟಸ್ಕೀಗೀಯಲ್ಲಿ ಅವರ ಹೆಸರಿನ ಸಂಗ್ರಹಾಲಯಕ್ಕೆ 1947ರಲ್ಲಿ ಬೆಂಕಿ ಬಿತ್ತು. ಅವರು ಬರೆದ ಚಿತ್ರಗಳಲ್ಲಿ ಹೆಚ್ಚಿನವು ಸುಟ್ಟುಹೋದವು. ಉಳಿದ ಕೆಲವೇ ಚಿತ್ರಗಳಲ್ಲಿ ಕಾಲೇಜಿನ ದಿನಗಳ ಆ ಯಕ್ಕಾ ಗಿಡ ಮತ್ತು ಪಾಪಾಸುಕಳ್ಳಿಯ ಚಿತ್ರವೂ ಒಂದು.